ಲೇಖಕರ ನ್ಯೂಸ್‌ಲೆಟರ್: ಸಬ್‌ಸ್ಟ್ಯಾಕ್, ಮೇಲರ್‌ಲೈಟ್, ಕಿಟ್, ಗೋಸ್ಟ್ – ಯಾವುದು ಯಾರಿಗೆ?

ಬರೆಯುವ ಗೆಳೆಯರು ಇತ್ತೀಚೆಗೆ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಓದುಗರಿಗೆ ಇಮೇಲ್‌ನಲ್ಲಿ ನ್ಯೂಸ್‌ಲೆಟರ್ ಕಳಿಸಬೇಕು ಅಂತಿದ್ದೀನಿ. ಒಬ್ಬರು ಸಬ್‌ಸ್ಟ್ಯಾಕ್ ಅಂತಾರೆ, ಇನ್ನೊಬ್ಬರು ಮೇಲ್‌ಚಿಂಪ್ ಅಂತಾರೆ. ಯಾವುದಕ್ಕೆ ಸೇರಲಿ?"

ತಟ್ಟನೆ ಒಂದು ಹೆಸರು ಹೇಳಿಬಿಡಬಹುದು. ಆದರೆ ಎರಡು ವರ್ಷಕ್ಕೊಂದು ಕಾದಂಬರಿ ತರುವವರಿಗೆ ಒಗ್ಗುವುದು ವಾರವಾರ ಪ್ರಬಂಧ ಬರೆಯುವವರಿಗೆ ಒಗ್ಗುವುದಿಲ್ಲ. ಅದಕ್ಕೇ ನಾನು ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ. ನೀವು ಕಳಿಸುವ ಪತ್ರವೇ ನಿಮ್ಮ ಬರವಣಿಗೆಯಾ? ಇಲ್ಲಾ ಬರವಣಿಗೆ ಬೇರೆ ಕಡೆ ಇದ್ದು, ಪತ್ರ ಅದರ ಸುದ್ದಿಯನ್ನು ಮುಟ್ಟಿಸುವುದಾ?

ಮೊದಲನೆಯದರಲ್ಲಿ ಓದುಗ ಪತ್ರವನ್ನು ಓದುವುದಕ್ಕೇ ಬರುತ್ತಾನೆ. ಅಲ್ಲೇ ಕಥೆ, ಅಲ್ಲೇ ಪ್ರಬಂಧ. ಎರಡನೆಯದರಲ್ಲಿ ಓದುಗನಿಗೆ ನಿಮ್ಮ ಪುಸ್ತಕ ಬೇಕು. ಮುಂದಿನದು ಯಾವಾಗ, ಎಲ್ಲಿ ಸಿಗುತ್ತೆ ಅನ್ನುವುದು ಗೊತ್ತಾದರೆ ಸಾಕು. ಈ ಎರಡಕ್ಕೂ ಬೇಕಾದ ಸಲಕರಣೆ ಬೇರೆಬೇರೆ. ಇದನ್ನು ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಮೊದಲು ಅಳತೆಗೋಲು

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಓದುಗರ ಪಟ್ಟಿ ನಿಮ್ಮ ಕೈಯಲ್ಲಿ ಇರುತ್ತದಾ ಎಂಬುದು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ಸೇವೆಗಳು ಶಾಶ್ವತ ಅಲ್ಲ. ಟೈನಿಲೆಟರ್ ಅಂತ ಒಂದಿತ್ತು. ತುಂಬಾ ಸರಳ, ಬರಹಗಾರರಿಗೆ ಅಚ್ಚುಮೆಚ್ಚು. 2011ರಲ್ಲಿ ಮೇಲ್‌ಚಿಂಪ್ ಅದನ್ನು ಕೊಂಡಿತು, 2024ರ ಫೆಬ್ರವರಿ ಕೊನೆಗೆ ಮುಚ್ಚಿತು. ರೆವ್ಯೂ ಅಂತ ಇನ್ನೊಂದು. ಟ್ವಿಟರ್ 2021ರ ಜನವರಿಯಲ್ಲಿ ಅದನ್ನು ಕೊಂಡಿತು, 2023ರ ಜನವರಿಗೆ ಅದೂ ಇಲ್ಲ. ತಮ್ಮ ಪಟ್ಟಿಯನ್ನು ಫೈಲ್ ಮಾಡಿ ಇಳಿಸಿಕೊಂಡಿದ್ದವರು ಮರುದಿನ ಬೇರೆ ಕಡೆಯಿಂದ ಪತ್ರ ಬರೆಯಬಹುದಿತ್ತು. ಹಾಗಾಗಿ "ಎಕ್ಸ್‌ಪೋರ್ಟ್" ಎಂಬ ಗುಂಡಿ ಎಲ್ಲಿದೆ ಅಂತ ಸೇರುವ ದಿನವೇ ಹುಡುಕಿ.

ಫೈಲ್ ಸಿಕ್ಕರೆ ಸಾಲದು, ಅದರೊಳಗೆ ಏನಿದೆ ಅಂತಲೂ ನೋಡಬೇಕು. ನಾನು ಒಮ್ಮೆ ಒಂದು ಸೇವೆಯಿಂದ ಇನ್ನೊಂದಕ್ಕೆ ಹೋದೆ. ಹಳೆಯ ಕಡೆಯಿಂದ ಸಿಕ್ಕ ಫೈಲಿನಲ್ಲಿ ಹೆಸರು ಮತ್ತು ಇಮೇಲ್ ಮಾತ್ರ ಇದ್ದವು. ಯಾರು ಯಾವತ್ತು ಸೇರಿದರು, ಯಾರು ಬಿಟ್ಟುಹೋದರು ಎಂಬ ವಿವರ ಇರಲಿಲ್ಲ. ಹೊಸ ಕಡೆಯಿಂದ ಕಳಿಸಿದ ಮೊದಲ ಪತ್ರ, ಹಿಂದೆಯೇ ಬೇಡ ಅಂದಿದ್ದ ಒಬ್ಬರಿಗೂ ಹೋಯಿತು. "ಬೇಡ ಅಂದಿದ್ದೆ ಅಲ್ವಾ?" ಎಂದು ಒಂದೇ ಸಾಲಿನ ಉತ್ತರ ಬಂತು. ಆ ಸಾಲು ಇವತ್ತಿಗೂ ಚುಚ್ಚುತ್ತದೆ. ಈಗ ಬಿಟ್ಟುಹೋದವರ ಪಟ್ಟಿಯನ್ನೂ ತಿಂಗಳಿಗೊಮ್ಮೆ ಇಳಿಸಿ ಇಟ್ಟುಕೊಳ್ಳುತ್ತೇನೆ.

ಎರಡನೆಯದು ಹಣ. ಇಲ್ಲಿ ಎರಡು ಬಗೆ. ಕೆಲವರು ಓದುಗರ ಸಂಖ್ಯೆ ನೋಡಿ ತಿಂಗಳ ಬಾಡಿಗೆ ಕೇಳುತ್ತಾರೆ. ಕೆಲವರು ಬಾಡಿಗೆ ಕೇಳುವುದಿಲ್ಲ, ನೀವು ಓದುಗರಿಂದ ಚಂದಾ ತೆಗೆದುಕೊಂಡರೆ ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಉಚಿತವಾಗಿ ಕಳಿಸುವವರಿಗೆ ಎರಡನೆಯದು ಅಗ್ಗ. ಚಂದಾ ಚೆನ್ನಾಗಿ ಬರುವವರಿಗೆ ಮೊದಲನೆಯದು ಅಗ್ಗ.

ಮೂರನೆಯದು, ತಾನಾಗಿ ಹೋಗುವ ಪತ್ರಗಳು. ಯಾರಾದರೂ ರಾತ್ರಿ ಹನ್ನೆರಡಕ್ಕೆ ನಿಮ್ಮ ಪುಸ್ತಕ ಮುಗಿಸಿ, ಕೊನೆಯ ಪುಟದ ಕೊಂಡಿ ಒತ್ತಿ ಹೆಸರು ಕೊಟ್ಟರು ಅಂದುಕೊಳ್ಳಿ. ಆ ಹೊತ್ತಿಗೆ ಅವರಿಗೆ ನಿಮ್ಮ ಮೇಲೆ ಇರುವಷ್ಟು ಅಕ್ಕರೆ ಮುಂದೆಂದೂ ಇರುವುದಿಲ್ಲ. ಆಗಲೇ ಒಂದು ಸ್ವಾಗತ ಪತ್ರ, ನಾಲ್ಕು ದಿನ ಬಿಟ್ಟು ಒಂದು ಸಣ್ಣ ಕಥೆ, ಆಮೇಲೆ ನಿಮ್ಮ ಬೇರೆ ಪುಸ್ತಕಗಳ ಮಾತು. ಇಷ್ಟು ಸಾಲಾಗಿ ಹೋಗುವಂತೆ ಒಮ್ಮೆ ಜೋಡಿಸಿಟ್ಟರೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಪುಸ್ತಕ ಮಾರುವವರಿಗೆ ಇದು ಬೇಕೇ ಬೇಕು. ಪತ್ರವೇ ಬರವಣಿಗೆ ಅನ್ನುವವರಿಗೆ ಒಂದು ಸ್ವಾಗತ ಪತ್ರ ಸಾಕು.

ನಾಲ್ಕನೆಯದು, ಪತ್ರ ಇನ್‌ಬಾಕ್ಸ್ ಮುಟ್ಟುವುದು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಅಥವಾ ಅದಕ್ಕಿಂತ ಜಾಸ್ತಿ ಪತ್ರ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ನಿಜಕ್ಕೂ ತಾವೇ ಕಳಿಸಿದ್ದು ಎಂದು ಸಾಬೀತು ಮಾಡುವ ಮೂರು ಗುರುತುಗಳನ್ನು ತಮ್ಮ ಸ್ವಂತ ವೆಬ್ ವಿಳಾಸದಲ್ಲಿ, ಅಂದರೆ ಡೊಮೇನ್‌ನಲ್ಲಿ ಇಡಬೇಕು. ಒಂದೇ ಒತ್ತಿಗೆ ಪಟ್ಟಿ ಬಿಟ್ಟು ಹೋಗುವ ಅವಕಾಶ ಕೊಡಬೇಕು. ಸ್ಪ್ಯಾಮ್ ದೂರು ಶೇಕಡಾ 0.3ಕ್ಕಿಂತ ಕೆಳಗೇ ಇರಬೇಕು. ಅಂದರೆ ಸಾವಿರ ಪತ್ರಕ್ಕೆ ಮೂರು ಜನ ದೂರಿದರೂ ಮಿತಿ ಮುಟ್ಟಿದ ಹಾಗೆ. ನಿಮ್ಮ ಪಟ್ಟಿ ಇನ್ನೂರು ಜನರದ್ದೇ ಇರಲಿ, ಈ ಮೂರು ಗುರುತು ಇದ್ದರೆ ಒಳ್ಳೆಯದು. ಕಳಿಸಿದವರ ಜಾಗದಲ್ಲಿ ಜಿಮೇಲ್ ವಿಳಾಸ ಇಟ್ಟು ಬೇರೆ ಸೇವೆಯಿಂದ ಪತ್ರ ಕಳಿಸಿದರೆ ನಕಲಿ ಇರಬಹುದು ಎಂಬ ಅನುಮಾನ ಬರುತ್ತದೆ. ಸ್ವಂತ ಡೊಮೇನ್ ಒಂದು ಇರಲಿ ಎಂದು ನಾನು ಹೇಳುವುದು ಇದಕ್ಕೇ.

ಇನ್ನು ಅಂಕಿಅಂಶದ ಚಂದದ ಗ್ರಾಫುಗಳನ್ನು ನೋಡಿ ಸೇವೆ ಆರಿಸಬೇಡಿ. 2021ರಿಂದ ಆಪಲ್‌ನ ಮೇಲ್ ಆಪ್ ಪತ್ರದ ಚಿತ್ರಗಳನ್ನು ತಾನೇ ಮೊದಲೇ ತರಿಸಿಟ್ಟುಕೊಳ್ಳುತ್ತದೆ. ಹಾಗಾಗಿ ಓದುಗ ಪತ್ರ ತೆರೆಯದಿದ್ದರೂ "ತೆರೆದರು" ಎಂದು ಲೆಕ್ಕಕ್ಕೆ ಬರುತ್ತದೆ. ಎಷ್ಟು ಜನ ಉತ್ತರ ಬರೆದರು, ಎಷ್ಟು ಜನ ಕೊಂಡಿ ಒತ್ತಿದರು ಎಂಬುದೇ ನಂಬುವ ಲೆಕ್ಕ.

ಬರೀ ಜಿಮೇಲ್ ಸಾಲದಾ?

ಇಪ್ಪತ್ತು ಮೂವತ್ತು ಗೆಳೆಯರಿಗೆ ಬಿಸಿಸಿ ಹಾಕಿ ಕಳಿಸುವುದಾದರೆ ಸಾಕು. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನರ ಮಿತಿ ಇದೆ. ಆದರೆ ಮಿತಿಗಿಂತ ದೊಡ್ಡ ತೊಂದರೆ ಬೇರೆ. ಬೇಡ ಅಂದವರ ಹೆಸರನ್ನು ನೀವೇ ನೆನಪಿಟ್ಟು ತೆಗೆಯಬೇಕು. ಒಂದು ದಿನ ಅವಸರದಲ್ಲಿ ಬಿಸಿಸಿ ಬದಲು ಸಿಸಿ ಒತ್ತಿದರೆ ಎಲ್ಲರ ವಿಳಾಸ ಎಲ್ಲರ ಕೈಗೆ ಹೋಗುತ್ತದೆ. ನಂಬಿ ಕೊಟ್ಟ ವಿಳಾಸ ಅದು. ಗುರುತಿಲ್ಲದ ಮೊದಲ ಓದುಗ ಸೇರಿದ ದಿನವೇ ಇದನ್ನು ಬಿಡಿ.

ಸಬ್‌ಸ್ಟ್ಯಾಕ್: ಪತ್ರವೇ ಬರವಣಿಗೆ ಅನ್ನುವವರಿಗೆ

2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್ ಬರೆಯುವವರ ಕಷ್ಟವನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಖಾತೆ ತೆರೆದು ಅರ್ಧ ಗಂಟೆಯಲ್ಲಿ ಮೊದಲ ಪತ್ರ ಕಳಿಸಬಹುದು. ಡೊಮೇನ್ ಬೇಡ, ಆ ಮೂರು ಗುರುತುಗಳ ತಲೆಬಿಸಿಯೂ ಬೇಡ. ಪತ್ರ ಅವರ ವಿಳಾಸದಿಂದಲೇ ಹೋಗುತ್ತದೆ. ನೂರು ಜನ ಇರಲಿ, ಹತ್ತು ಸಾವಿರ ಇರಲಿ, ಉಚಿತ ಪತ್ರಕ್ಕೆ ಒಂದು ಪೈಸೆಯೂ ಇಲ್ಲ. ಕಳಿಸಿದ್ದೆಲ್ಲ ವೆಬ್‌ಸೈಟ್‌ನ ಹಾಗೆ ಒಂದೆಡೆ ಕೂಡಿ ಇರುತ್ತದೆ. ಬೇರೆ ಲೇಖಕರು ನಿಮ್ಮನ್ನು ತಮ್ಮ ಓದುಗರಿಗೆ ಶಿಫಾರಸು ಮಾಡುವ ಏರ್ಪಾಡೂ ಇದೆ. ಹೊಸಬರಿಗೆ ಇದು ನಿಜಕ್ಕೂ ದೊಡ್ಡ ಸಹಾಯ. ಹೊಸ ಓದುಗರನ್ನು ಹುಡುಕುವುದು ಮಿಕ್ಕ ಕಡೆ ಹೆಚ್ಚಾಗಿ ನಿಮ್ಮ ಹೆಗಲ ಮೇಲೇ ಇರುತ್ತದೆ.

ಲೆಕ್ಕ ಬದಲಾಗುವುದು ಚಂದಾ ಶುರು ಮಾಡಿದಾಗ. ಸಬ್‌ಸ್ಟ್ಯಾಕ್ ಶೇಕಡಾ 10 ತೆಗೆದುಕೊಳ್ಳುತ್ತದೆ. ಹಣ ಬರುವ ದಾರಿಯಾದ ಸ್ಟ್ರೈಪ್‌ನ ಶುಲ್ಕ ಬೇರೆ. ಅಮೆರಿಕದ ದರದಲ್ಲಿ ಅದು ಒಂದೊಂದು ಪಾವತಿಗೂ ಶೇಕಡಾ 2.9 ಮತ್ತು 30 ಸೆಂಟ್, ಅದರ ಮೇಲೆ ಚಂದಾ ನಿರ್ವಹಣೆಗೆ ಶೇಕಡಾ 0.7. ತಿಂಗಳಿಗೆ 5 ಡಾಲರ್ ಚಂದಾ ಇಟ್ಟರೆ 50 ಸೆಂಟ್ ಅಲ್ಲಿ, ಸುಮಾರು 48 ಸೆಂಟ್ ಇಲ್ಲಿ. ಕೈಗೆ ಬರುವುದು 4 ಡಾಲರ್ ಆಸುಪಾಸು. ಆ 30 ಸೆಂಟ್ ಪ್ರತಿ ಸಲವೂ ಬೀಳುವುದರಿಂದ, ತಿಂಗಳ ಚಂದಾಕ್ಕಿಂತ ವರ್ಷದ ಚಂದಾದಲ್ಲಿ ಲೇಖಕರಿಗೆ ಉಳಿತಾಯ ಜಾಸ್ತಿ. ಇನ್ನೊಂದು ಮಾತು. ಸ್ಟ್ರೈಪ್ ಎಲ್ಲ ದೇಶಗಳಲ್ಲೂ ಇಲ್ಲ. ಚಂದಾದ ಕನಸು ಕಾಣುವ ಮೊದಲು ನೀವಿರುವ ಕಡೆ ಅದರಲ್ಲಿ ಖಾತೆ ತೆರೆಯಲು ಆಗುತ್ತದಾ ಅಂತ ನೋಡಿಕೊಳ್ಳಿ.

ಪಟ್ಟಿಯ ವಿಷಯದಲ್ಲಿ ಸಬ್‌ಸ್ಟ್ಯಾಕ್ ಉದಾರಿ. ಇಮೇಲ್‌ಗಳನ್ನು ಇಳಿಸಿಕೊಳ್ಳಬಹುದು, ಸ್ಟ್ರೈಪ್ ಖಾತೆ ನಿಮ್ಮದೇ ಆಗಿರುವುದರಿಂದ ಚಂದಾದಾರರನ್ನೂ ಬೇರೆಡೆಗೆ ಒಯ್ಯಬಹುದು. ಆದರೆ ಆಪ್‌ನಲ್ಲಿ ಸುಮ್ನೆ "ಫಾಲೋ" ಮಾಡಿದವರು ನಿಮ್ಮ ಜೊತೆ ಬರುವುದಿಲ್ಲ. ಅವರ ಇಮೇಲ್ ನಿಮಗೆ ಸಿಕ್ಕಿರುವುದೇ ಇಲ್ಲ. ಫಾಲೋವರ್ ಸಂಖ್ಯೆ ನೋಡಿ ಹಿಗ್ಗುವ ಮೊದಲು ಈ ವ್ಯತ್ಯಾಸ ನೆನಪಿರಲಿ.

ಕೊರತೆ ಇರುವುದು ಮೂರನೆಯ ಅಳತೆಗೋಲಿನಲ್ಲಿ. ಸ್ವಾಗತ ಪತ್ರ ಹೋಗುತ್ತದೆ, ಸಾಲುಸಾಲಾಗಿ ಪತ್ರ ಜೋಡಿಸಿಡುವ ಕೆಲಸಕ್ಕೆ ಇದು ಹೇಳಿಮಾಡಿಸಿದ್ದಲ್ಲ. "ಮೊದಲ ಪುಸ್ತಕ ಓದಿದವರಿಗೆ ಮಾತ್ರ ಎರಡನೆಯದರ ಸುದ್ದಿ" ಎಂಬಂಥ ಸೂಕ್ಷ್ಮ ವಿಂಗಡಣೆಯೂ ಇಲ್ಲಿ ಕಷ್ಟ.

ಮೇಲರ್‌ಲೈಟ್ ಮತ್ತು ಕಿಟ್: ಪುಸ್ತಕ ಇರುವವರಿಗೆ

ಪುಸ್ತಕ ಬರೆಯುವ ಗೆಳೆಯರಿಗೆ ನಾನು ಹೆಚ್ಚಾಗಿ ತೋರಿಸುವುದು ಈ ಎರಡನ್ನು.

ಲಿಥುವೇನಿಯಾದಲ್ಲಿ ಹುಟ್ಟಿದ ಮೇಲರ್‌ಲೈಟ್‌ನ ಗುಣ ಅಂದರೆ, ಉಚಿತ ಯೋಜನೆಯಲ್ಲೇ ಸಾಲುಪತ್ರ, ಅಂದರೆ ತಾನಾಗಿ ಸಾಲಾಗಿ ಹೋಗುವ ಪತ್ರಗಳ ಸರಣಿ, ಜೋಡಿಸುವ ಸೌಲಭ್ಯ ಇದೆ. ಹೆಸರು ಪಡೆಯುವ ಪುಟವನ್ನೂ ಅಲ್ಲೇ ಮಾಡಬಹುದು. ಉಚಿತ ಮಿತಿ ಮೊದಲು 1,000 ಜನ ಇತ್ತು, 2025ರಲ್ಲಿ 500ಕ್ಕೆ ಇಳಿಸಿದರು. ಆ ಗಡಿ ದಾಟಿದ ಮೇಲೂ ಬೆಲೆ ತೀರಾ ಏರುವುದಿಲ್ಲ. ಖಾತೆ ತೆರೆದ ಕೂಡಲೇ ಕಳಿಸಲು ಮಾತ್ರ ಆಗದು. ನೀವು ಯಾರು, ವಿಳಾಸಗಳು ಎಲ್ಲಿಂದ ಬಂದವು ಎಂದು ಪರಿಶೀಲಿಸಿ ಒಪ್ಪಿಗೆ ಕೊಡುತ್ತಾರೆ. ಪುಸ್ತಕ ಬಿಡುಗಡೆಯ ಹಿಂದಿನ ದಿನ ಹೋಗಿ ಖಾತೆ ತೆರೆಯಬೇಡಿ. ಒಂದೆರಡು ವಾರ ಕೈಯಲ್ಲಿ ಇಟ್ಟುಕೊಳ್ಳಿ.

ಕಿಟ್ ಅಂದರೆ ಹಳೆಯ ಕನ್ವರ್ಟ್‌ಕಿಟ್. 2013ರಲ್ಲಿ ಶುರುವಾಗಿ 2024ರಲ್ಲಿ ಹೆಸರು ಬದಲಿಸಿಕೊಂಡಿತು. ಅದೇ ವರ್ಷ ಉಚಿತ ಮಿತಿಯನ್ನು 10,000 ಜನರಿಗೆ ಏರಿಸಿತು. ಇಷ್ಟು ದೊಡ್ಡ ಉಚಿತ ಮಿತಿ ಈ ಬಗೆಯ ಸೇವೆಗಳಲ್ಲಿ ಅಪರೂಪ. ಆದರೆ ಉಚಿತದಲ್ಲಿ ಸಾಲುಪತ್ರ ಒಂದೇ ಒಂದು. ಒಂದೇ ಪುಸ್ತಕ ಇರುವವರಿಗೆ ಅದು ಸಾಕು. ಮಕ್ಕಳ ಕಥೆಯ ಓದುಗರಿಗೆ ಒಂದು, ಪತ್ತೇದಾರಿ ಕಾದಂಬರಿಯವರಿಗೆ ಇನ್ನೊಂದು ಬೇಕು ಅಂದರೆ ಹಣ ಕಟ್ಟುವ ಯೋಜನೆಗೆ ಹೋಗಬೇಕು, ಅದು ಮೇಲರ್‌ಲೈಟ್‌ಗಿಂತ ದುಬಾರಿ. ಓದುಗರಿಗೆ ಗುರುತು ಹಚ್ಚಿ ವಿಂಗಡಿಸುವುದರಲ್ಲಿ ಕಿಟ್‌ನದು ಪಳಗಿದ ಕೈ. ಹಾಗಾಗಿ ನನ್ನ ತೂಕ ಹೀಗೆ: ಪಟ್ಟಿ ದೊಡ್ಡದು, ಕೆಲಸ ಸರಳ ಅಂದರೆ ಕಿಟ್‌ನ ಉಚಿತ ಯೋಜನೆ. ಪಟ್ಟಿ ಚಿಕ್ಕದು, ಸಾಲುಪತ್ರ ಹಲವು ಅಂದರೆ ಮೇಲರ್‌ಲೈಟ್.

ಹೆಸರು ಕೊಟ್ಟವರಿಗೆ ಕಿರುಕಥೆಯೋ ಮೊದಲ ಅಧ್ಯಾಯವೋ ಉಡುಗೊರೆ ಕೊಡುವ ಯೋಚನೆ ಇದ್ದರೆ ಬುಕ್‌ಫನೆಲ್ ಎಂಬ ಬೇರೆ ಸೇವೆ ಇದೆ. ಇ-ಪುಸ್ತಕದ ಫೈಲನ್ನು ಓದುಗರ ಫೋನಿಗೋ ಕಿಂಡಲ್‌ಗೋ ಇಳಿಸಿಕೊಡುವುದು ಅದರ ಕೆಲಸ. "ಫೈಲ್ ತೆರೀತಾ ಇಲ್ಲ" ಎಂಬ ದೂರುಗಳನ್ನೂ ಅವರೇ ನೋಡಿಕೊಳ್ಳುತ್ತಾರೆ. ಈ ಎರಡೂ ಸೇವೆಗಳ ಜೊತೆ ಅದು ಹೊಂದಿಕೊಳ್ಳುತ್ತದೆ.

ಮೇಲ್‌ಚಿಂಪ್

ಇದು 2001ರಿಂದ ಇದೆ, 2021ರಲ್ಲಿ ಇಂಟ್ಯೂಟ್ ಎಂಬ ಕಂಪನಿ ಕೊಂಡಿತು. ಹೆಸರು ಎಲ್ಲರ ಬಾಯಲ್ಲಿದೆ, ಆದರೆ ಇವತ್ತು ಹೊಸದಾಗಿ ಶುರು ಮಾಡುವ ಲೇಖಕರಿಗೆ ನಾನು ಹೇಳುವುದಿಲ್ಲ. ಒಂದು ಕಾಲಕ್ಕೆ 2,000 ಜನರವರೆಗೆ ಉಚಿತ ಇತ್ತು, ಆಮೇಲೆ ಅದನ್ನು ಬಹಳ ಇಳಿಸಿದರು. ಇನ್ನೊಂದು, ಪಟ್ಟಿ ಬಿಟ್ಟು ಹೋದವರನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಅವರನ್ನು ಆಗಾಗ ಆರ್ಕೈವ್‌ಗೆ ಸೇರಿಸದಿದ್ದರೆ ಪತ್ರವೇ ಹೋಗದವರಿಗೂ ಬಾಡಿಗೆ ಕಟ್ಟುತ್ತೀರಿ. ಇದು ಮುಖ್ಯವಾಗಿ ಅಂಗಡಿ, ವ್ಯಾಪಾರದವರ ಸಲಕರಣೆ. ಈಗಾಗಲೇ ಅಲ್ಲಿದ್ದು ಚೆನ್ನಾಗಿ ನಡೆಯುತ್ತಿದ್ದರೆ ಇರಿ, ಕೀಳುವ ಅಗತ್ಯವಿಲ್ಲ.

ಗೋಸ್ಟ್ ಮತ್ತು ಬಟನ್‌ಡೌನ್

ಗೋಸ್ಟ್ ಒಂದು ಲಾಭರಹಿತ ಸಂಸ್ಥೆಯ ಮುಕ್ತ ತಂತ್ರಾಂಶ. 2013ರಲ್ಲಿ ಜನರಿಂದಲೇ ಹಣ ಕೂಡಿಸಿ ಶುರುವಾಯಿತು. ಸಬ್‌ಸ್ಟ್ಯಾಕ್‌ನ ಹಾಗೆ ವೆಬ್‌ಸೈಟ್, ಪತ್ರ, ಚಂದಾ ಮೂರೂ ಒಂದೇ ಕಡೆ. ಚಂದಾದಲ್ಲಿ ಪಾಲು ಕೇಳುವುದಿಲ್ಲ, ತಿಂಗಳ ಬಾಡಿಗೆ ಕೇಳುತ್ತದೆ. ತಿಂಗಳಿಗೆ 500 ಡಾಲರ್ ಚಂದಾ ಬರುವವರು ಸಬ್‌ಸ್ಟ್ಯಾಕ್‌ಗೆ 50 ಡಾಲರ್ ಬಿಡುತ್ತಾರೆ. ಗೋಸ್ಟ್‌ನ ಬಾಡಿಗೆಯನ್ನು ಆ 50ರ ಪಕ್ಕ ಇಟ್ಟು ನೋಡಿ. ಬಾಡಿಗೆ ಕಡಿಮೆ ಅಂತ ಕಂಡ ತಿಂಗಳು ಹೊರಡುವ ಯೋಚನೆ ಮಾಡಬಹುದು, ಅದಕ್ಕೆ ಮೊದಲು ಬೇಡ. ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ಬಿಟ್ಟಿಯಾಗಿ ನಡೆಸಲೂಬಹುದು. ಆದರೆ ಪತ್ರ ಕಳಿಸಲು ಮೇಲ್‌ಗನ್ ಎಂಬ ಇನ್ನೊಂದು ಸೇವೆಯನ್ನು ಜೋಡಿಸಬೇಕು. ಸರ್ವರ್ ಕೈಕೊಟ್ಟರೆ ರಿಪೇರಿಯೂ ನಿಮ್ಮದೇ. ಬರೆಯುವ ಸಮಯವನ್ನು ತಿನ್ನುವ ಕೆಲಸ ಅದು. ಆ ಕೆಲಸದಲ್ಲೇ ಖುಷಿ ಇರುವವರಿಗೆ ಮಾತ್ರ ಹೇಳುತ್ತೇನೆ.

ಬಟನ್‌ಡೌನ್ ಇದಕ್ಕೆ ತದ್ವಿರುದ್ಧ. ಪುಟ್ಟ ಸಂಸ್ಥೆ, ಪುಟ್ಟ ಸಲಕರಣೆ. ಮೊದಲ 100 ಜನರಿಗೆ ಉಚಿತ. ಅಲಂಕಾರ ಇಲ್ಲ, ಬರೀ ಅಕ್ಷರ. ಓದುಗರಿಗೆ ಯಾರೋ ತಮಗೇ ಕೂತು ಕಾಗದ ಬರೆದ ಹಾಗೆ ಕಾಣುತ್ತದೆ. ಕವಿಗಳಿಗೆ, ತಿಂಗಳಿಗೊಂದು ಸಣ್ಣ ಪತ್ರ ಬರೆಯುವವರಿಗೆ ಇದು ನನಗೆ ತುಂಬಾ ಇಷ್ಟ.

2021ರಲ್ಲಿ ಬಂದ ಬೀಹೈವ್ ಕೂಡ ಇದೆ. 2,500 ಜನರವರೆಗೆ ಉಚಿತ, ಚಂದಾದಲ್ಲಿ ಪಾಲಿಲ್ಲ. ಜಾಹೀರಾತಿನಿಂದ ಹಣ ಮಾಡುವ ಸುದ್ದಿಪತ್ರಗಳ ಕಡೆಗೆ ಅದರ ಒಲವು. ಕಥೆ, ಕಾದಂಬರಿಯವರಿಗೆ ಅಷ್ಟಾಗಿ ಬೇಕಾಗದು.

ವಿಳಾಸದ ಒಂದು ಮಾತು

ಇದನ್ನು ಬಹಳ ಜನ ಕೊನೆಗೆ ಗಮನಿಸುತ್ತಾರೆ. ಅಮೆರಿಕದ 2003ರ ಕಾನೂನಿನಂತೆ ವ್ಯಾಪಾರದ ಇಮೇಲ್‌ನಲ್ಲಿ ಕಳಿಸಿದವರ ಅಂಚೆ ವಿಳಾಸ ಇರಲೇಬೇಕು. ಹಾಗಾಗಿ ಈ ಸೇವೆಗಳು ನಿಮ್ಮ ವಿಳಾಸ ಕೇಳಿ ಪತ್ರದ ಕೆಳಗೆ ಹಾಕುತ್ತವೆ. ಸಾವಿರಾರು ಅಪರಿಚಿತರಿಗೆ ಮನೆಯ ವಿಳಾಸ ಕೊಡುವುದು ಬೇಡ, ವಿಶೇಷವಾಗಿ ಒಬ್ಬರೇ ಇರುವವರು ಕೊಡಲೇಬಾರದು. ಅಂಚೆ ಪೆಟ್ಟಿಗೆ ಮಾಡಿಸಿ, ಅಥವಾ ಪ್ರಕಾಶಕರನ್ನು ಕೇಳಿ ಅವರದ್ದನ್ನು ಹಾಕಿ. ಸಬ್‌ಸ್ಟ್ಯಾಕ್ ತಾನಾಗಿ ತನ್ನ ಕಚೇರಿಯ ವಿಳಾಸ ಹಾಕುತ್ತದೆ. ಕೆಲವರಿಗೆ ಇದೊಂದೇ ಕಾರಣ ಸಾಕಾಗಬಹುದು.

ಕನ್ನಡದಲ್ಲಿ ಕಳಿಸುವವರು ನೋಡಬೇಕಾದದ್ದು

ಜಿಮೇಲ್ 102 ಕಿಲೋಬೈಟ್ ದಾಟಿದ ಪತ್ರವನ್ನು ನಡುವೆಯೇ ಕತ್ತರಿಸಿ, ಪೂರ್ತಿ ನೋಡಲು ಒಂದು ಕೊಂಡಿ ಇಡುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್. "ಸ್ತ್ರೀ" ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ಒತ್ತಿನ ಗುರುತು, ತ, ಮತ್ತೆ ಒತ್ತಿನ ಗುರುತು, ರ, ಈ-ಕಾರ ಎಂಬ ಆರು ಸಂಕೇತ, ಒಟ್ಟು 18 ಬೈಟ್. 2,000 ಪದದ ಪ್ರಬಂಧ ಅಂದರೆ ಬರೀ ಅಕ್ಷರಗಳಿಗೇ 50 ಕಿಲೋಬೈಟ್ ಆಸುಪಾಸು ಆಗುತ್ತದೆ. ಅದರ ಮೇಲೆ ಸೇವೆಯವರ ವಿನ್ಯಾಸದ ಕೋಡ್. ಅಲಂಕಾರ ಜಾಸ್ತಿ ಇರುವ ಟೆಂಪ್ಲೇಟ್ ಹಾಕಿದರೆ ಮಿತಿ ದಾಟುವುದು ಸುಲಭ. ಕತ್ತರಿಸಿದರೆ ಕೆಳಗಿರುವ "ಅನ್‌ಸಬ್‌ಸ್ಕ್ರೈಬ್" ಕೊಂಡಿಯೂ ಕಾಣದು. ಕೊಂಡಿ ಕಾಣದವರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಹಾಗಾಗಿ ಉದ್ದದ ಬರಹ ಕಳಿಸುವವರು ಯಾವ ಸೇವೆ ಆರಿಸಿದರೂ ಅದರ ಸರಳ ಟೆಂಪ್ಲೇಟನ್ನೇ ಹಿಡಿಯಿರಿ.

ಇಷ್ಟಾದ ಮೇಲೂ ಎರಡರ ನಡುವೆ ತೂಗುತ್ತಿದ್ದರೆ, ಎರಡರಲ್ಲೂ ಉಚಿತ ಖಾತೆ ತೆರೆದು ಒಂದು ಸಂಜೆ ಕೂರಿ. ನಿಮ್ಮದೇ ವಿಳಾಸ ಕೊಟ್ಟು ಸೇರಿ. ಸ್ವಾಗತ ಪತ್ರ ಎಷ್ಟು ಹೊತ್ತಿಗೆ ಬಂತು, ಇನ್‌ಬಾಕ್ಸ್‌ಗಾ ಸ್ಪ್ಯಾಮ್‌ಗಾ ನೋಡಿ. ಫೋನಿನಲ್ಲಿ ಓದಿ. ಆಮೇಲೆ ಪಟ್ಟಿ ಬಿಟ್ಟು ಹೊರಗೆ ಬನ್ನಿ. ಎಷ್ಟು ಒತ್ತು ಬೇಕಾಯಿತು ಅಂತ ಎಣಿಸಿ. ಕೊನೆಗೆ ಪಟ್ಟಿಯ ಫೈಲ್ ಇಳಿಸಿ ತೆರೆಯಿರಿ. ಎಕ್ಸೆಲ್‌ನಲ್ಲಿ ಕನ್ನಡದ ಹೆಸರುಗಳು ಚಿತ್ರವಿಚಿತ್ರವಾಗಿ ಕಂಡರೆ ಗಾಬರಿ ಬೇಡ. ಫೈಲ್ ಕೆಟ್ಟಿರುವುದಿಲ್ಲ, ಯುಟಿಎಫ್-8 ಎಂಬ ಅಕ್ಷರ ಸಂಕೇತವನ್ನು ಆರಿಸಿ ತೆರೆದರೆ ಸರಿಹೋಗುತ್ತದೆ.

ಪುಸ್ತಕದ ಕೊನೆಯ ಪುಟದಲ್ಲಿ ಸೇರುವ ಕೊಂಡಿ ಅಚ್ಚು ಹಾಕಿಸುವುದಾದರೆ, ಸೇವೆಯವರು ಕೊಟ್ಟ ಉದ್ದದ ವಿಳಾಸ ಹಾಕಿಸಬೇಡಿ. ನಿಮ್ಮ ಡೊಮೇನ್‌ನಲ್ಲಿ ಒಂದು ಚಿಕ್ಕ ವಿಳಾಸ ಮಾಡಿ, ಅಲ್ಲಿಂದ ಈಗಿನ ಸೇವೆಗೆ ದಾರಿ ತಿರುಗಿಸಿ. ನಾಳೆ ಸೇವೆ ಬದಲಾದರೆ ದಾರಿಯನ್ನು ಹೊಸದರ ಕಡೆ ತಿರುಗಿಸಿದರೆ ಆಯಿತು. ಅಚ್ಚಾದ ಪುಟವನ್ನು ತಿದ್ದಲು ಆಗುವುದಿಲ್ಲ ಅಲ್ವಾ?